ವರ್ತನಾತ್ಮಕ ಭಾಷಾಸಂಶೋಧನೆಯ ಆರಂಭಿಕ ವರ್ಷಗಳು: ತೊರಗಲ್ ಸೀಮೆಯ ವಿದ್ಯಾರ್ಥಿಯ ದೃಷ್ಟಿಯಿಂದ

ವಾಕ್ಯವನ್ನು ಕೇಳಿದವರು ಏನು ಮಾಡುತ್ತಾರೆ, ಎಷ್ಟು ಹೊತ್ತಿನಲ್ಲಿ ಮಾಡುತ್ತಾರೆ ಎಂಬುದನ್ನು ಅಳೆದು ಭಾಷಾಜ್ಞಾನವನ್ನು ಊಹಿಸುವ ಸಂಶೋಧನೆಯನ್ನು ಇಲ್ಲಿ ವರ್ತನಾತ್ಮಕ ಭಾಷಾಸಂಶೋಧನೆ ಎಂದು ಕರೆಯುತ್ತೇವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಈ ಕ್ಷೇತ್ರದ ದಾರಿ ಎಲ್ಲಿ ತೆರೆಯುತ್ತದೆ, ಎಲ್ಲಿ ಕಡಿದುಹೋಗುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಕ್ಷೇತ್ರದ ಸ್ವರೂಪಕ್ಕೆ ಒಂದು ನಿದರ್ಶನ ಸಾಕು. ಜೆಫ್ರಿ ಲಿಡ್ಜ್ ಅವರು ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಆತ್ಮಾರ್ಥಕ ರಚನೆಗಳ ಮೇಲೆ ಪಿಎಚ್.ಡಿ. ಮುಗಿಸಿ ದಶಕ ಕಳೆಯುವ ಮೊದಲೇ, 2003ರಲ್ಲಿ, ಹೆನ್ರಿ ಮತ್ತು ಲೀಲಾ ಗ್ಲೈಟ್‌ಮನ್ ದಂಪತಿಯೊಡನೆ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಕನ್ನಡ ಮಕ್ಕಳ ಅಧ್ಯಯನವೊಂದನ್ನು ಪ್ರಕಟಿಸಿದರು. ಮೂರು ವರ್ಷದ ಮಕ್ಕಳು ತಾವು ಕೇಳಿದ ವಾಕ್ಯವನ್ನು ಆಟಿಕೆಗಳಿಂದ ಆಡಿ ತೋರಿಸಬೇಕಿತ್ತು. ಪ್ರೇರಣಾರ್ಥಕ್ಕೆ ‘-ಇಸು’ ಪ್ರತ್ಯಯವೇ ಕನ್ನಡದಲ್ಲಿ ಹೆಚ್ಚು ನಂಬಬಹುದಾದ ಸುಳಿವು. ಆದರೂ ಮಕ್ಕಳು ನೆಚ್ಚಿದ್ದು ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು. ಇಂತಹ ಪ್ರಶ್ನೆಗೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಭಾಷೆಯ ಒಳಗಿನ ತಿಳಿವಳಿಕೆ ಮತ್ತು ತಾಳ್ಮೆಯ ವಿನ್ಯಾಸ.

ತಿಳಿವಳಿಕೆ ನಮ್ಮ ವಿದ್ಯಾರ್ಥಿಗಳಲ್ಲಿದೆ. ತೊಡಕು ಬೇರೆಡೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕನ್ನಡ ವಿಷಯವನ್ನು ಆಯ್ದುಕೊಂಡರೆ ಎರಡನೆಯ ಪತ್ರಿಕೆ ಕನ್ನಡದಲ್ಲಿರುತ್ತದೆ. ಭಾಷಾವಿಜ್ಞಾನವನ್ನು ಆಯ್ದುಕೊಂಡರೆ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸಹಜವಾಗಿಯೇ ಬಹಳಷ್ಟು ಮಂದಿ ಮೊದಲನೆಯದನ್ನು ಆರಿಸಿಕೊಂಡು, ಪ್ರಯೋಗ ವಿನ್ಯಾಸವಾಗಲಿ ಸಂಖ್ಯಾಶಾಸ್ತ್ರವಾಗಲಿ ಪಠ್ಯಕ್ರಮದಲ್ಲಿ ವಿರಳವಾಗಿರುವ ವಿಭಾಗಗಳಿಗೆ ಹೋಗುತ್ತಾರೆ. ಕಿರಿಯ ಸಂಶೋಧನಾ ಫೆಲೋಶಿಪ್ ದೊರೆತರೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000. ದೊರೆಯದಿದ್ದವರು ಅತಿಥಿ ಉಪನ್ಯಾಸಕರಾಗಿ ದಿನ ಕಳೆಯುತ್ತಾರೆ. ಅಷ್ಟರಲ್ಲಿ ಫೆಲೋಶಿಪ್‌ನ 30 ವರ್ಷದ ವಯೋಮಿತಿ ಸಮೀಪಿಸುತ್ತದೆ. ಮಹಿಳೆಯರಿಗೂ ಮೀಸಲು ವರ್ಗಗಳಿಗೂ 5 ವರ್ಷಗಳ ಸಡಿಲಿಕೆ ಇರುವುದನ್ನು ನಮ್ಮಲ್ಲಿ ಕೇಳಿ ತಿಳಿದುಕೊಂಡವರೇ ಹೆಚ್ಚು, ಓದಿ ತಿಳಿದವರು ಕಡಿಮೆ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ನಿಬಂಧನೆಯನ್ನು ಯುಜಿಸಿ 2022ರಲ್ಲಿ ಕೈಬಿಟ್ಟದ್ದು, ಒಂದೇ ಪ್ರಯೋಗಕ್ಕೆ ಎರಡು ವರ್ಷ ತಗಲುವ ಈ ಕ್ಷೇತ್ರಕ್ಕಾದರೂ ಒಳಿತೆಂದೇ ನಾವು ಭಾವಿಸುತ್ತೇವೆ.

ಎಂ.ಎ. ಮತ್ತು ಪಿಎಚ್.ಡಿ. ನಡುವಿನ ಖಾಲಿ ವರ್ಷವನ್ನು ಹೇಗೆ ಬಳಸಬೇಕು? ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಂತಹ ಕಡೆ ಅವಕಾಶ ಬಂದಾಗ ಯೋಜನಾ ಸಹಾಯಕರಾಗುವುದು ಒಂದು ದಾರಿ. ಅದು ಸಿಗದಿದ್ದರೂ ‘ಆರ್’ ಮತ್ತು ‘ಸೈಕೋಪೈ’ ಉಚಿತ ತಂತ್ರಾಂಶಗಳು. ಒಂದು ಲ್ಯಾಪ್‌ಟಾಪ್‌ನಲ್ಲಿ ಎರಡನ್ನೂ ಕಲಿಯಬಹುದು.

ಊರಿನ ಮಾತೇ ಇಲ್ಲಿ ಬಂಡವಾಳ. ಧಾರವಾಡದ ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ವಿಲಿಯಂ ಮೆಕಾರ್ಮಾಕ್ 1960ರಲ್ಲಿಯೇ ವಿವರಿಸಿದ್ದರು. ಆದರೂ ಪ್ರಯೋಗದ ವಾಕ್ಯಗಳನ್ನು ನಾವಿಂದಿಗೂ ಪಠ್ಯಪುಸ್ತಕದ ಕನ್ನಡದಲ್ಲಿ ರಚಿಸುತ್ತೇವೆ. ಮನೆಯಲ್ಲಿ ‘ಐತಿ’ ಎನ್ನುವ ರಾಮದುರ್ಗದ ಮಗು ‘ಇದೆ’ ಎಂಬಲ್ಲಿ ತಡವರಿಸಿದರೆ, ಅಳತೆಗೆ ಸಿಕ್ಕದ್ದು ವಾಕ್ಯರಚನೆಯ ಕಷ್ಟವೋ ಶಿಷ್ಟರೂಪದ ಅಪರಿಚಯವೋ ಹೇಳಲಾಗದು. ಹೊರಗಿನವರಿಗೆ ದತ್ತಾಂಶ ಬಂದ ಮೇಲೂ ಕಾಣದ ಈ ದೋಷವು ಆ ಸೀಮೆಯ ವಿದ್ಯಾರ್ಥಿಗೆ ಪ್ರಶ್ನಾವಳಿ ನೋಡಿದೊಡನೆ ಕಾಣುತ್ತದೆ. ಪಾಲಕರಿಗೆ ಕೊಡುವ ಸಮ್ಮತಿ ಪತ್ರಕ್ಕೂ ಇದೇ ಮಾತು: ಇಂಗ್ಲಿಷಿನಿಂದ ಅನುವಾದಿಸಿದ ಪತ್ರವನ್ನು ಸಹಿಗೆ ಮುನ್ನ ಅವರ ಮಾತಿನಲ್ಲಿ ಓದಿ ಹೇಳಬೇಕು, ಮಗು ಒಲ್ಲೆನೆಂದರೆ ಅಲ್ಲಿಗೇ ನಿಲ್ಲಿಸಬೇಕು.