ಭಾಲ್ಕಿಯನ್ನು ‘ಭಾಲಿ’ ಮಾಡುವ ಥೀಮ್

ಅಂಗಡಿಗೋ ಶಾಲೆಗೋ ವೆಬ್‌ಸೈಟ್ ಮಾಡಿಕೊಳ್ಳುವವರು ಸಾಮಾನ್ಯವಾಗಿ ಸಿದ್ಧ ಥೀಮ್ ಒಂದನ್ನು ಆರಿಸಿ ಅದರಲ್ಲಿ ಕನ್ನಡ ತುಂಬುತ್ತಾರೆ. ಬೀದರ್, ಔರಾದ್ ಎಂಬ ಊರ ಹೆಸರುಗಳಿಗೆ ಏನೂ ಆಗುವುದಿಲ್ಲ. ಅದೇ ಬೀದರ್ ಜಿಲ್ಲೆಯ ಭಾಲ್ಕಿ ಮಾತ್ರ ಕೆಲವು ಥೀಮ್‌ಗಳಲ್ಲಿ ‘ಭಾಲಿ’ ಆಗಿಬಿಡುತ್ತದೆ. ಟೈಪ್ ಮಾಡಿದವರ ತಪ್ಪಲ್ಲ. ಭ, ದೀರ್ಘ, ಲ, ಹಲಂತ, ಕ, ಗುಡಿಸು ಎಂಬ ಆರೂ ಯುನಿಕೋಡ್ ಸಂಕೇತಗಳು ಪುಟದಲ್ಲಿ ಭದ್ರವಾಗಿವೆ. ಒತ್ತು ಕಾಣೆಯಾದದ್ದು ಪರದೆಯ ಮೇಲೆ.

ಪುಟದಲ್ಲಿ ಏನಿದೆ ಎಂದು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕೆಂದು ಹೇಳುವುದು ಸಿಎಸ್‌ಎಸ್. 1994ರ ಅಕ್ಟೋಬರ್‌ನಲ್ಲಿ ಹೋಕನ್ ವಿಯುಮ್ ಲೀ ಇದನ್ನು ಪ್ರಸ್ತಾಪಿಸಿದರು, ಬರ್ಟ್ ಬಾಸ್ ಜೊತೆಗೂಡಿದರು, 1996ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿಗೆ ಮನ್ನಣೆ ಸಿಕ್ಕಿತು. ಬಹುಪಾಲು ಥೀಮ್‌ಗಳ ಅಳತೆ ಮಾತ್ರ ಇಂದಿಗೂ ಇಂಗ್ಲಿಷ್ ಅಕ್ಷರದ್ದೇ. ಶೀರ್ಷಿಕೆಯ ‘ಲೈನ್-ಹೈಟ್’ 1.2 ಎಂದಿದ್ದರೆ 20 ಪಿಕ್ಸೆಲ್ ಅಕ್ಷರಕ್ಕೆ 24 ಪಿಕ್ಸೆಲ್ ಸಾಲು. ಇಂಗ್ಲಿಷಿಗೆ ಅಷ್ಟು ಸಾಕು, ಒತ್ತಕ್ಷರಕ್ಕೆ ಸಾಲದು. ಜೊತೆಗೆ ‘ಓವರ್‌ಫ್ಲೋ: ಹಿಡನ್’ ಎಂಬ ಆಜ್ಞೆಯೂ ಇದ್ದರೆ ಚೌಕದಿಂದ ಹೊರಬಿದ್ದದ್ದಕ್ಕೆಲ್ಲ ಕತ್ತರಿ.

ಕಂಪ್ಯೂಟರಿನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ಪಕ್ಕದಲ್ಲಿ ಸಿಎಸ್‌ಎಸ್ ಸಾಲುಗಳು ತೆರೆದುಕೊಳ್ಳುತ್ತವೆ. 1.2 ಅಳಿಸಿ 1.7 ಬರೆಯಿರಿ, ಲಕಾರದ ಕೆಳಗೆ ಕ ಒತ್ತು ಇಳಿದು ಬರುತ್ತದೆ. ಈ ಬದಲಾವಣೆ ನಿಮ್ಮ ಪರದೆಗಷ್ಟೇ; ಪುಟ ರಿಫ್ರೆಶ್ ಮಾಡಿದರೆ ಹಳೆಯದೇ ಗತಿ. ಹಾಗಾಗಿ ಕಲಿಯುವವರು ಕೆಡಿಸುವ ಭಯವಿಲ್ಲದೆ ಕೈಯಾಡಿಸಬಹುದು. ಶಾಶ್ವತವಾಗಿ ಉಳಿಸಲು ವರ್ಡ್‌ಪ್ರೆಸ್‌ನಲ್ಲಿ 2016ರ 4.7ನೇ ಆವೃತ್ತಿಯಿಂದ ‘ಅಡಿಷನಲ್ ಸಿಎಸ್‌ಎಸ್’ ಎಂಬ ಜಾಗವಿದೆ. ಅಲ್ಲಿ ನೀವು ಬರೆದ ನಿಯಮವೂ ಥೀಮ್‌ನ ನಿಯಮವೂ ಸಮಬಲದವಾದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಥೀಮ್‌ನ ನಿಯಮ ಹೆಚ್ಚು ನಿರ್ದಿಷ್ಟವಾಗಿದ್ದರೆ ನೀವು ಬರೆದದ್ದು ಸುಮ್ಮನೆ ಬಿದ್ದಿರುತ್ತದೆ. ಹೊಸಬರು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಆಗ ಉಳಿದ ನಿಯಮಗಳನ್ನು ಮೀರಿಸಲು ಎಲ್ಲದಕ್ಕೂ ‘ಇಂಪಾರ್ಟೆಂಟ್’ ಎಂದು ಅಂಟಿಸುವ ಚಾಳಿ ಬೇಡ. ಮುಂದೆ ಬಿಡಿಸಲಾಗದ ಸಿಕ್ಕಾಗುತ್ತದೆ.

ಸಿಎಸ್‌ಎಸ್ ಕಲಿಯಲು ಬೀದರ್ ಜಿಲ್ಲೆಗಿಂತ ಒಳ್ಳೆಯ ಗರಡಿ ಸಿಗುವುದು ಕಷ್ಟ; ಕನ್ನಡ, ಉರ್ದು, ಮರಾಠಿ ಮೂರೂ ಇಲ್ಲಿ ಕೂಡುತ್ತವೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಮಹಾರಾಷ್ಟ್ರದ ಗಡಿಗೆ ತಾಗಿದ ಔರಾದಿನಲ್ಲಿ ಮರಾಠಿ ಮನೆಮಾತಿನವರು ಬಹಳ. ಒಂದೇ ಪುಟದಲ್ಲಿ ಮೂರು ಲಿಪಿ ಬಂದರೆ ಕನ್ನಡಕ್ಕೆ ಕೆಳಗೆ ಜಾಗ ಬೇಕು, ಮರಾಠಿಯ ಮಾತ್ರೆ, ರೇಫಗಳಿಗೆ ಮೇಲೆ ಬೇಕು. ಓರೆಯಾಗಿ ಇಳಿಯುವ ಉರ್ದುವಿನ ನಸ್ತಲೀಕ್ ಬರಹಕ್ಕೆ ಇನ್ನೂ ಎತ್ತರದ ಸಾಲು ಬೇಕು. ಅಕ್ಷರಗಳನ್ನು ದೂರ ಸರಿಸುವ ‘ಲೆಟರ್-ಸ್ಪೇಸಿಂಗ್’ ಆ ಕೂಡು ಬರಹಕ್ಕೆ ಒಗ್ಗುವುದೇ ಇಲ್ಲ. ಉರ್ದು ಬಲದಿಂದ ಎಡಕ್ಕೆ ಓಡುವುದರಿಂದ ‘ಮಾರ್ಜಿನ್-ಲೆಫ್ಟ್’ ಬದಲು ‘ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್’ ಬರೆದರೆ ಅಂಚು ತಾನೇ ಬದಿ ಬದಲಿಸುತ್ತದೆ. ಎಚ್‌ಟಿಎಂಎಲ್‌ನಲ್ಲಿ ಭಾಷೆಯನ್ನು ನಮೂದಿಸಿದ್ದರೆ ‘ಲ್ಯಾಂಗ್’ ಸೆಲೆಕ್ಟರ್ ಬಳಸಿ ಒಂದೊಂದು ಭಾಷೆಗೂ ಬೇರೆ ಬೇರೆ ಅಳತೆ ಕೊಡಬಹುದು. ಪಟ್ಟಿಗಳಿಗೆ ‘ಲಿಸ್ಟ್-ಸ್ಟೈಲ್-ಟೈಪ್: ಕನ್ನಡ’ ಎಂದರೆ ೧, ೨, ೩ ಬರುತ್ತವೆ.

ಥೀಮ್ ಆರಿಸುವ ಮುನ್ನ ಅದರ ಶೀರ್ಷಿಕೆಯಲ್ಲಿ ‘ರಾಷ್ಟ್ರೀಯ’ ಎಂದು ಟೈಪ್ ಮಾಡಿ, ಮೊಬೈಲಿನಲ್ಲೂ ನೋಡಿ. ಎರಡೂ ಒತ್ತು ಪೂರ್ತಿ ಕಂಡರೆ ಇಟ್ಟುಕೊಳ್ಳಿ, ಇಲ್ಲವಾದರೆ ಮೊದಲು ಲೈನ್-ಹೈಟ್ ತಿದ್ದಿ.