ಉತಾರದಲ್ಲಿ ಕಾಣದ ಹಗೇವು

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ವಾಸಕ್ಕೋ ದಾಸ್ತಾನಿಗೋ ಹಳೆಯ ಮನೆ ಕೊಳ್ಳುವ ವರ್ತಕರು ಇ-ಸ್ವತ್ತಿನ ನಮೂನೆ 9, 11 ಹಾಗೂ ಋಣಭಾರ ಪತ್ರಗಳನ್ನು ತಪ್ಪದೆ ಪರಿಶೀಲಿಸಬೇಕು. ಆದರೆ ಮನೆಯ ಅಡಿಯಲ್ಲಿ ಏನಿದೆಯೆಂಬುದನ್ನು ಯಾವ ಉತಾರವೂ ತಿಳಿಸದು.

ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ 2019ರಿಂದೀಚೆಗೆ ನೆಲ ಪದೇ ಪದೇ ಕುಸಿದು, ಮನೆಗಳೊಳಗೇ ಗುಂಡಿಗಳು ಬಿದ್ದವು. ಹಿಂದೆ ಜೋಳ ಕೂಡಿಡಲು ತೋಡಿ, ಬಳಿಕ ಮರೆತ ಹಗೇವುಗಳು ಹಾಗೂ ಮೇಲೇರಿದ ಅಂತರ್ಜಲ ಇದಕ್ಕೆ ಕಾರಣವೆನ್ನಲಾಯಿತು. ಹಗೇವು ನರಗುಂದವೊಂದರ ಸ್ವತ್ತಲ್ಲ. ಜೋಳ ಬೆಳೆಯುವ ಈ ಸೀಮೆಯ ಹಳ್ಳಿಗಳಲ್ಲೆಲ್ಲ ಅವು ಬಳಕೆಯಲ್ಲಿದ್ದವು.

ಆದಕಾರಣ ಮುಂಗಡ ಕೊಡುವ ಮುನ್ನ ಅನುಭವಿ ಸಿವಿಲ್ ಎಂಜಿನಿಯರರಿಂದ ತಪಾಸಣೆ ಮಾಡಿಸುವುದು ಲೇಸು. ಪಡಸಾಲೆಯ ನೆಲ ತಟ್ಟಿದಾಗ ಪೊಳ್ಳು ಸದ್ದು ಬರುವುದೇ, ತೊಲೆ-ಜಂತಿಗಳಿಗೆ ಗೆದ್ದಲು ಹತ್ತಿದೆಯೇ ಎಂಬುದನ್ನು ಅವರು ನೋಡುವರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ ಗೋಡೆಗಳಲ್ಲಿ ಓರೆ ಬಿರುಕು ಮೂಡುತ್ತದೆ; ಮಾರಾಟಕ್ಕೆಂದೇ ಸುಣ್ಣ ಬಳಿದ ಗೋಡೆಯನ್ನಂತೂ ಎರಡು ಬಾರಿ ನೋಡಬೇಕು. ಮಲಪ್ರಭೆಯ ದಂಡೆಯ ಕೊಣ್ಣೂರು, ಹೊಳೆಆಲೂರು ಭಾಗದಲ್ಲಿ 2009 ಮತ್ತು 2019ರ ನೆರೆಯ ನೀರು ಎಲ್ಲಿಯವರೆಗೆ ಏರಿತ್ತೆಂದು ನೆರೆಹೊರೆಯವರಲ್ಲಿ ವಿಚಾರಿಸಬೇಕು. ಹಗೇವಿನ ಬಾಯಿ ಎಲ್ಲಿತ್ತೆಂಬುದು ಎಂಜಿನಿಯರರಿಗಿಂತ ಓಣಿಯ ಹಿರಿಯರಿಗೇ ಹೆಚ್ಚು ತಿಳಿದಿರಬಹುದು.

ತಪಾಸಣೆಯಲ್ಲಿ ದೋಷ ಕಂಡುಬಂದರೆ ಮುಂಗಡ ಮರಳಿಸತಕ್ಕದ್ದೆಂಬ ಷರತ್ತನ್ನು ಕರಾರುಪತ್ರದಲ್ಲಿಯೇ ಬರೆಸಿಕೊಳ್ಳತಕ್ಕದ್ದು.