ಕಪ್ಪು ಚರ್ಮಕ್ಕೆ ಬಿಸಿಲು ಹೆಚ್ಚು ಬೇಕು

ನಮ್ಮ ಮೈಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್‌ನ ಪ್ರಮಾಣ, ಬಗೆ ಮಾತ್ರ ಬೇರೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ಅದು ಹೀರಿಕೊಳ್ಳುತ್ತದೆ. ಬೆಟ್ಟದಪುರದ ಸುತ್ತ ಹೊಗೆಸೊಪ್ಪಿನ ಹೊಲಗಳಲ್ಲಿ ದಿನವಿಡೀ ದುಡಿಯುವವರ ಚರ್ಮಕ್ಕೆ ಅದು ಕೊಡೆಯಿದ್ದಂತೆ.

ಆದರೆ ವಿಟಮಿನ್ ಡಿ ತಯಾರಾಗುವುದೂ ಈ ಕಿರಣಗಳಿಂದಲೇ. ಆದ್ದರಿಂದ ಅಷ್ಟೇ ವಿಟಮಿನ್ ಡಿ ಸಿಗಲು ಕಪ್ಪು ಚರ್ಮದವರು ಹೆಚ್ಚು ಹೊತ್ತು ಬಿಸಿಲಲ್ಲಿರಬೇಕು. ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ಬಹುಪಾಲು ತಡೆಯುತ್ತದೆ. ಹೀಗಾಗಿ ಇಷ್ಟು ಬಿಸಿಲಿರುವ ನಮ್ಮೂರಲ್ಲೂ ದಿನವಿಡೀ ಒಳಗೇ ಇರುವವರಿಗೆ, ಮೈತುಂಬ ಬಟ್ಟೆ ತೊಡುವವರಿಗೆ ಕೊರತೆ ಬರಬಹುದು. ಆಗ ಮೂಳೆಗಳು ದುರ್ಬಲವಾಗುತ್ತವೆ.

'ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ' ಎಂದು ಹೆಣ್ಣುಮಕ್ಕಳನ್ನು ತಡೆಯುವ ಮುನ್ನ ಇದನ್ನು ಯೋಚಿಸಿ. ಹಿತ್ತಿಲಲ್ಲೋ ತಾರಸಿಯಲ್ಲೋ ದಿನವೂ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ಬೀಳಲಿ.